ಝಯಾನ್ ವಿಲಿಯಮ್ಸನ್‌ನ ಮೈ ಇನ್ನಾದರೂ ಒಂದು ಪೂರ್ತಿ ಸೀಸನ್ ತಡೆದೀತಾ?

ಕೋರ್ಟ್‌ಬದಿ ಧಾರವಾಡ:
ಅಕ್ಟೋಬರ್‌ನಲ್ಲಿ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) 2025-26ರ ಹೊಸ ಸೀಸನ್ ಶುರು. ನಮ್ಮ ಹಳೇ ಕಾಲೇಜು ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಈಗಲೇ ಜಗಳ ಹತ್ತಿದೆ. ಜಗಳ ಝಯಾನ್ ವಿಲಿಯಮ್ಸನ್ ಬಗ್ಗೆ. ಅಲ್ಲಿ ಸ್ಟಿಕ್ಕರ್ ಬಿಟ್ಟರೆ ಬೇರೆ ಉತ್ತರ ಬರುತ್ತಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 2019ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ನ್ಯೂ ಆರ್ಲಿಯನ್ಸ್ ಪೆಲಿಕನ್ಸ್ ತಂಡ ಎಲ್ಲರಿಗಿಂತ ಮೊದಲು ಆರಿಸಿಕೊಂಡಿದ್ದು ಇವನನ್ನೇ. ಎತ್ತರ ಆರಡಿ ಆರಿಂಚು. ತೂಕ ದಾಖಲೆ ಪ್ರಕಾರ 284 ಪೌಂಡ್, ಅಂದರೆ 129 ಕೆಜಿ ಹತ್ತಿರ. ಇಷ್ಟು ಮೈ ಹೊತ್ತುಕೊಂಡು ಅವನು ಹಾರುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆರು ಸೀಸನ್ ಮುಗಿದಿದೆ. ಆಡಿದ ಲೀಗ್ ಪಂದ್ಯ ವರ್ಷದ ಪ್ರಕಾರ 24, 61, ಸೊನ್ನೆ, 29, 70, 30. ಒಟ್ಟು 214. ಅಷ್ಟು ಹೊತ್ತಿಗೆ ಅವನ ತಂಡ ಆಡಿದ್ದು 472. ಅರ್ಧವೂ ಆಗಲಿಲ್ಲ.

ಈಗ ವಯಸ್ಸು 25. ಇನ್ನೂ ಹುಡುಗನೇ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಇವನು ಮೈ ಉಳಿಸಿಕೊಂಡು ಆಡಬಲ್ಲ. ಆದರೆ ಎಲ್ಲರೂ ಹೇಳುವ "ತೂಕ ಇಳಿಸಪ್ಪಾ" ಅನ್ನುವ ದಾರಿಯಿಂದ ಅಲ್ಲ. ಇಳಿಸಿದ ಮೇಲೂ ಕೈಕೊಟ್ಟಿತಲ್ಲ?

ಮುಳಗುಂದ ನಾಕಾ:
ಅಣ್ಣಾ, ಆರು ವರ್ಷ ಸಾಕಾಗಲಿಲ್ವಾ ನಿಮಗೆ? ಮೊದಲ ವರ್ಷ ಬಲ ಮೊಣಕಾಲಿನ ಮೆನಿಸ್ಕಸ್ (ಒಳಗಿನ ಮೆತ್ತೆ). ಆಮೇಲೆ ಬಲ ಪಾದದ ಎಲುಬು. ಆಮೇಲೆ ಬಲ ತೊಡೆಯ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು). ಆಮೇಲೆ ಎಡ ತೊಡೆ. ಮತ್ತೆ ಎಡ ತೊಡೆ. ಕೊನೆಗೆ ಸೊಂಟ. ಕೆಳಗಿನಿಂದ ಮೇಲಿನ ತನಕ ಒಂದು ಸುತ್ತು ಆಯಿತು. ಇನ್ನು ಏನು ಉಳಿದಿದೆ ಮುರಿಯಲಿಕ್ಕೆ?

ಇನ್ನೊಂದು ವಿಷಯ ನೀವು ಬರೆಯಲೇ ಇಲ್ಲ. ಇವನು ಇವತ್ತಿನ ತನಕ ಒಂದೇ ಒಂದು ಪ್ಲೇಆಫ್ (ಲೀಗ್ ಮುಗಿದ ಮೇಲೆ ಪಟ್ಟಕ್ಕಾಗಿ ನಡೆಯುವ ಸುತ್ತು) ಪಂದ್ಯ ಆಡಿಲ್ಲ. ತಂಡ ಎರಡು ಸಲ ಹೋಯಿತು, ಎರಡು ಸಲವೂ ಇವನು ಕೋಟು ಹಾಕಿಕೊಂಡು ಬೆಂಚ್ ಹಿಂದೆ ಕೂತಿದ್ದ.

ಗ್ರೆಗ್ ಓಡೆನ್ ನೆನಪಿದಾನಾ? 2007ರಲ್ಲಿ ಮೊದಲ ಆಯ್ಕೆ. ಮುಂದೆ ದೊಡ್ಡ ಆಟಗಾರನಾದ ಕೆವಿನ್ ಡ್ಯುರಾಂಟ್‌ನನ್ನು ಬಿಟ್ಟು ಪೋರ್ಟ್‌ಲ್ಯಾಂಡ್ ಇವನನ್ನು ತೆಗೆದುಕೊಂಡಿತು. ಮೊಣಕಾಲು ಹೋಯಿತು. ಇಡೀ ಜೀವಮಾನದಲ್ಲಿ ಆಡಿದ್ದು 105 ಪಂದ್ಯ. ಆಗಲೂ ಜನ ಹೀಗೇ ಹೇಳುತ್ತಿದ್ದರು, "ಇನ್ನೂ ಹುಡುಗ, ಸರಿಹೋಗ್ತಾನೆ" ಅಂತ.

ಕೋರ್ಟ್‌ಬದಿ ಧಾರವಾಡ:
ಓಡೆನ್‌ನ ಮೊಣಕಾಲಿನ ಮೃದ್ವಸ್ಥಿಯೇ ಸವೆದಿತ್ತು. ಅದಕ್ಕೆ ಮಾಡುವ ಮೈಕ್ರೋಫ್ರಾಕ್ಚರ್ ಅನ್ನುವ ಆಪರೇಷನ್ ಎರಡೂ ಕಾಲಿಗೆ ಆಯಿತು. ಝಯಾನ್‌ದು ಆ ತರಹದ್ದಲ್ಲ. ಅವನ ಮೊಣಕಾಲಿನ ಬಗ್ಗೆ 2020ರಿಂದ ಈಚೆ ದೊಡ್ಡ ಸುದ್ದಿ ಬಂದಿದೆಯಾ? ಇಲ್ಲ. ಪಾದದ ಎಲುಬೂ ಕೂಡಿಕೊಂಡಿದೆ. ಈಗ ಉಳಿದಿರುವುದು ತೊಡೆಯ ಸ್ನಾಯು ಒಂದೇ. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಹೋರಿ ಹಾವೇರಿ:
129 ಕೆಜಿ ಮನುಷ್ಯ ಹಾರಬಾರದು. ಅಷ್ಟೇ. ಚರ್ಚೆ ಮುಗೀತು, ಎಲ್ಲರೂ ಮನೆಗೆ ಹೋಗಿ 😄

ಉಣಕಲ್ ಕಾಕಾ:
ಹಾವೇರಿಯವರೇ, ಗರಡಿಯಲ್ಲಿ ಅದಕ್ಕಿಂತ ಜಾಸ್ತಿ ತೂಕದ ಪೈಲ್ವಾನರು ಮಟ್ಟಿಯ ಮೇಲೆ ಚಿರತೆ ಹಾಗೆ ಓಡಾಡುವುದನ್ನು ನೀವೇ ನೋಡಿರುತ್ತೀರಿ.

ಹೋರಿ ಹಾವೇರಿ:
ನೋಡಿದ್ದೇನೆ ಕಾಕಾ. ಆದರೆ ಅದು ಕೆಮ್ಮಣ್ಣು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಮಣ್ಣು. ಬಿದ್ದರೆ ತಾಯಿ ಮಡಿಲು. ಇವನು ಬೀಳುವುದು ಮರದ ಹಲಗೆ ಮೇಲೆ, ಅದೂ ಮೂರುವರೆ ಅಡಿ ಎತ್ತರದಿಂದ. ಪೈಲ್ವಾನ್ ಹಾರುವುದಿಲ್ಲ, ಒತ್ತುತ್ತಾನೆ. ವ್ಯತ್ಯಾಸ ಇದೆ ಅಲ್ವಾ?

ವಿದ್ಯಾನಗರ ಫಿಸಿಯೋ:
ಹೋರಿಯವರು ತಮಾಷೆಗೆ ಹೇಳಿದರೂ ಮಾತು ಸರಿ ಇದೆ. ಹಾರಿ ಇಳಿಯುವಾಗ ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಹಲವು ಪಟ್ಟು ಇರುತ್ತದೆ. ಒಂಟಿ ಕಾಲಲ್ಲಿ ಇಳಿದರೆ ಇನ್ನೂ ಕಷ್ಟ. ಝಯಾನ್ ಜೋರಾಗಿ ಚಿಮ್ಮುತ್ತಾನೆ, ಗಾಳಿಯಲ್ಲಿ ಯಾರಿಗೋ ಡಿಕ್ಕಿ ಹೊಡೆಯುತ್ತಾನೆ, ಇಳಿಯುವಾಗ ಯಾವ ಕಾಲು ಮೊದಲು ನೆಲ ಮುಟ್ಟುತ್ತದೆ ಅನ್ನುವುದು ಅವನ ಕೈಯಲ್ಲಿ ಇರುವುದಿಲ್ಲ. ಮೊದಲ ವರ್ಷ ಮೊಣಕಾಲಿನ ಆಪರೇಷನ್ ಆದಾಗ ತಂಡದವರು ಇವನಿಗೆ ನಡೆಯುವುದು, ಓಡುವುದು ಎರಡನ್ನೂ ಮೊದಲಿನಿಂದ ಕಲಿಸುತ್ತಿದ್ದಾರೆ ಅಂತ ಸುದ್ದಿ ಬಂದಿತ್ತು. ಜನ ನಕ್ಕರು. ನಮ್ಮ ಕೆಲಸದಲ್ಲಿ ಅದು ದಿನಾ ಮಾಡುವ ಕೆಲಸ.

ಆದರೆ ತೂಕಕ್ಕೂ ಹ್ಯಾಮ್‌ಸ್ಟ್ರಿಂಗ್‌ಗೂ ಅಷ್ಟು ನೇರ ನಂಟು ಇಲ್ಲ. ಮೊಣಕಾಲು, ಪಾದ ಇವಕ್ಕೆ ತೂಕದ ಹೊರೆ ಬೀಳುತ್ತದೆ, ಒಪ್ಪೋಣ. ಹ್ಯಾಮ್‌ಸ್ಟ್ರಿಂಗ್ ಹರಿಯುವುದು ಮುಖ್ಯವಾಗಿ ವೇಗದ ಓಟದಲ್ಲಿ, ಕಾಲು ಮುಂದೆ ಚಾಚಿ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ. ಸ್ನಾಯು ಆಗ ಎಳೆದುಕೊಂಡೂ ಇರುತ್ತದೆ, ಬಿಗಿಯಾಗಿಯೂ ಇರುತ್ತದೆ. ತೆಳ್ಳಗಿರುವ ಓಟಗಾರರಿಗೂ, ಫುಟ್‌ಬಾಲ್‌ನವರಿಗೂ ಆಗುವ ಪೆಟ್ಟು ಇದೇ.

ಕೋರ್ಟ್‌ಬದಿ ಧಾರವಾಡ:
ಅಕ್ಕಾ, ನಾನು ಹೇಳಬೇಕಿದ್ದನ್ನು ನೀವೇ ಹೇಳಿದಿರಿ.

2023ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಲಾಸ್ ವೇಗಸ್‌ನಲ್ಲಿ ಸೀಸನ್ ನಡುವಿನ ಟೂರ್ನಮೆಂಟ್‌ನ ಸೆಮಿಫೈನಲ್. ಲೇಕರ್ಸ್ 133, ಪೆಲಿಕನ್ಸ್ 89. ಝಯಾನ್ 13 ಪಾಯಿಂಟ್. ಟಿವಿಯಲ್ಲಿ ಹಳೇ ಆಟಗಾರರಾದ ಶಕೀಲ್ ಓ'ನೀಲ್, ಚಾರ್ಲ್ಸ್ ಬಾರ್ಕ್ಲಿ ಇಬ್ಬರೂ ಇವನ ಮೈಯನ್ನೇ ಹಿಡಿದು ಜಾಡಿಸಿದರು. ಆಮೇಲೆ ಇವನು ಊಟ ಬದಲಿಸಿದ, ತೂಕ ಇಳಿಸಿದ, ಆ ವರ್ಷ 70 ಪಂದ್ಯ ಆಡಿದ. ಜೀವನದಲ್ಲೇ ಜಾಸ್ತಿ. ಎಲ್ಲರೂ "ನೋಡಿ, ತೂಕವೇ ಕಾರಣ ಆಗಿತ್ತು" ಅಂದರು.

2024ರ ಏಪ್ರಿಲ್ 16. ಪ್ಲೇ-ಇನ್ ಪಂದ್ಯ (ಪ್ಲೇಆಫ್‌ಗೆ ಅರ್ಹತೆಯ ಪಂದ್ಯ), ಮತ್ತೆ ಲೇಕರ್ಸ್. ನನ್ನ ಪ್ರಕಾರ ಅವನು ಆಡಿದ್ದರಲ್ಲಿ ಇದೇ ದೊಡ್ಡ ಪಂದ್ಯ. ಅವರ ದೊಡ್ಡ ಆಟಗಾರರಾದ ಲೆಬ್ರಾನ್, ಡೇವಿಸ್ ಎದುರಿಗಿದ್ದರೂ ನುಗ್ಗಿ ನುಗ್ಗಿ ಹೊಡೆದ. 40 ಪಾಯಿಂಟ್. ಮೂರು ನಿಮಿಷದ ಮೇಲೆ ಸ್ವಲ್ಪ ಸಮಯ ಉಳಿದಿದೆ, ಚೆಂಡು ಹಾಕಿ 95-95 ಸಮ ಮಾಡಿದ. ಅದೇ ಚೆಂಡಿಗೆ ಎಡ ತೊಡೆ ಹಿಡಿದುಕೊಂಡ. ಒಳಗೆ ನಡೆದು ಹೋದ, ತಿರುಗಿ ಬರಲಿಲ್ಲ. ತಂಡ 110-106ಕ್ಕೆ ಸೋತಿತು. ಮುಂದೆ ಹೇಗೋ ಪ್ಲೇಆಫ್ ಸೇರಿದರೂ ಓಕ್ಲಹೋಮಾ ಎದುರು ನಾಲ್ಕಕ್ಕೆ ನಾಲ್ಕೂ ಸೋತು ಮನೆಗೆ ಬಂದಿತು.

ಆಗ ಅವನು ತೆಳ್ಳಗಿದ್ದ ರೀ. ಅದೇ ನನ್ನ ಮಾತು.

ಮುಳಗುಂದ ನಾಕಾ:
ಅಂದರೆ ತೆಳ್ಳಗಿದ್ದರೂ ಹೋಗುತ್ತೆ, ದಪ್ಪಗಿದ್ದರೂ ಹೋಗುತ್ತೆ. ಇದು ನನ್ನ ವಾದಕ್ಕೇ ಅನುಕೂಲ ಆಯಿತಲ್ಲ ಅಣ್ಣಾ? 🙏

ಕೋರ್ಟ್‌ಬದಿ ಧಾರವಾಡ:
ಪೂರ್ತಿ ಕೇಳಿ ಮಾರಾಯರೇ. ಅದೇ ತೊಡೆ ಏಳು ತಿಂಗಳೊಳಗೆ, 2024ರ ನವೆಂಬರ್ ಮೊದಲ ವಾರದಲ್ಲೇ ಮತ್ತೆ ಹೋಯಿತು. ಜನವರಿ ತನಕ ಹೊರಗೆ. ನನ್ನ ಅನುಮಾನ ಅಲ್ಲಿದೆ. ತಿಂಗಳು ಲೆಕ್ಕ ಹಾಕಿದರೆ ಬೇಕಾದಷ್ಟು ರೆಸ್ಟ್ ಸಿಕ್ಕಿತ್ತು. ರೆಸ್ಟ್ ಬೇರೆ, ತಯಾರಿ ಬೇರೆ.

ವಿದ್ಯಾನಗರ ಫಿಸಿಯೋ:
ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಹ್ಯಾಮ್‌ಸ್ಟ್ರಿಂಗ್‌ಗೆ ಮುಂದೆ ಪೆಟ್ಟಾಗುತ್ತದಾ ಅಂತ ತಿಳಿಯಲು ಎಲ್ಲಕ್ಕಿಂತ ದೊಡ್ಡ ಗುರುತು ಅಂದರೆ ಹಿಂದೆ ಅದೇ ಜಾಗಕ್ಕೆ ಆಗಿತ್ತಾ ಅನ್ನುವುದು. ಸ್ನಾಯು ಹರಿದಾಗ ಅಲ್ಲಿ ಗಾಯದ ಕಲೆ ಹಾಗೆ ಗಟ್ಟಿ ಎಳೆ ಬೆಳೆಯುತ್ತದೆ. ಅದು ಸ್ನಾಯುವಿನಷ್ಟು ಹಿಗ್ಗುವುದಿಲ್ಲ, ಪಕ್ಕದ ಎಳೆಗಳ ಮೇಲೆ ಎಳೆತ ಜಾಸ್ತಿ ಆಗುತ್ತದೆ. ಜೊತೆಗೆ ನೋವಿನ ಹೆದರಿಕೆಗೆ ಮೆದುಳು ಆ ಸ್ನಾಯುವನ್ನು ಪೂರ್ತಿ ಬಳಸುವುದನ್ನು ಕಡಿಮೆ ಮಾಡಿರುತ್ತದೆ. ನೋವು ಹೋದ ಮೇಲೂ ಆ ಅಭ್ಯಾಸ ಉಳಿಯುತ್ತದೆ. ಎರಡನೇ ಸಲ ಹರಿಯುವುದು ಹೆಚ್ಚಾಗಿ ಆಟಕ್ಕೆ ವಾಪಸ್ ಬಂದ ಮೊದಲ ವಾರಗಳಲ್ಲೇ.

ನನ್ನ ಹತ್ತಿರ ಬರುವ ಕಾಲೇಜು ಹುಡುಗರು ಮಾಡುವುದು ಇದನ್ನೇ. ಮಲಗಿ ಕಾಲು ಎತ್ತಿದರೆ ನೋವಿಲ್ಲ, ಜಾಗಿಂಗ್ ಮಾಡಿದರೆ ನೋವಿಲ್ಲ, "ಮೇಡಂ ಸರಿಹೋಯ್ತು" ಅಂತ ಸಂಜೆಯೇ ಆಟಕ್ಕೆ ಇಳಿಯುತ್ತಾರೆ. ಜಾಗಿಂಗ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಅರ್ಧ ನಿದ್ದೆಯಲ್ಲಿರುತ್ತದೆ. ಪೂರ್ತಿ ವೇಗದಲ್ಲಿ ಓಡಿಸಿ ನೋಡದೆ ಅದು ಸರಿ ಇದೆ ಅಂತ ಹೇಳುವುದಕ್ಕೇ ಆಗುವುದಿಲ್ಲ. ಪೂರ್ತಿ ವೇಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಅದಕ್ಕೆ ವಾರಗಳು ಬೇಕು.

ಮನೆಯಲ್ಲೇ ಮಾಡುವ ಒಂದು ವ್ಯಾಯಾಮ ಇದೆ, ನಾರ್ಡಿಕ್ ಅಂತಾರೆ. ಮೊಣಕಾಲೂರಿ ಕೂತು, ಹಿಂದೆ ಒಬ್ಬರು ಹಿಮ್ಮಡಿ ಗಟ್ಟಿ ಹಿಡಿಯಬೇಕು. ಮೈಯನ್ನು ಹಲಗೆ ಹಾಗೆ ನೇರ ಇಟ್ಟು ನಿಧಾನವಾಗಿ ಮುಂದೆ ಬಾಗಬೇಕು, ಬೀಳುವುದನ್ನು ತೊಡೆಯ ಹಿಂಭಾಗದಿಂದಲೇ ತಡೆಯಬೇಕು. ಮೊದಲ ದಿನ ಎಲ್ಲರೂ ಅರ್ಧಕ್ಕೇ ಧೊಪ್ಪನೆ ಕೈ ಊರುತ್ತಾರೆ. ಮರುದಿನ ಪಾಯಖಾನೆಗೆ ಕೂರುವುದೂ ಕಷ್ಟ. ಆದರೆ ಫುಟ್‌ಬಾಲ್ ತಂಡಗಳಲ್ಲಿ ಇದನ್ನು ನಿಯಮವಾಗಿ ಮಾಡಿದವರಿಗೆ ಹ್ಯಾಮ್‌ಸ್ಟ್ರಿಂಗ್ ಪೆಟ್ಟು ಚೆನ್ನಾಗಿಯೇ ಕಡಿಮೆ ಆಗಿದೆ.

ಹೋರಿ ಹಾವೇರಿ:
ಅಕ್ಕಾರೆ ಈಗಷ್ಟೇ ಮಾಡಿ ನೋಡಿದೆ. ತಮ್ಮನಿಗೆ ಕಾಲು ಹಿಡಿ ಅಂದೆ, ಅವನು ನಡುವೆ ಬಿಟ್ಟ. ಮೂಗು ನೆಲಕ್ಕೆ. ಇದರ ಲೆಕ್ಕ ಯಾರು ಕೊಡುತ್ತಾರೆ?

ವಿದ್ಯಾನಗರ ಫಿಸಿಯೋ:
ತಮ್ಮನನ್ನು ಕೇಳಿ 😅

ಉಣಕಲ್ ಕಾಕಾ:
ನಾನು ಹೈಸ್ಕೂಲಿನಲ್ಲಿ ಪಿಟಿ ಮಾಸ್ತರ ಆಗಿದ್ದವನು. ನಮ್ಮ ಕಾಲದಲ್ಲಿ ಎನ್‌ಬಿಎ ಟಿವಿಯಲ್ಲಿ ಎಲ್ಲಿತ್ತು, ಇಂಗ್ಲಿಷ್ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ಅದೇ ಹಬ್ಬ. ಹಾಗೆ ಓದಿ ತಿಳಿದ ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ಬಿಲ್ ವಾಲ್ಟನ್. ಆರಡಿ ಹನ್ನೊಂದು ಇಂಚು. 1977ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಪಟ್ಟ ಗೆದ್ದುಕೊಟ್ಟ, 1978ರಲ್ಲಿ ಎಂವಿಪಿ (ಲೀಗಿನ ವರ್ಷದ ಶ್ರೇಷ್ಠ ಆಟಗಾರ). ಆಮೇಲೆ ಪಾದದ ಎಲುಬು ಕೈಕೊಟ್ಟಿತು. ಮೂರು ಸೀಸನ್ ಒಂದೂ ಪಂದ್ಯ ಆಡದೆ ಕಳೆದ.

ಅದೇ ವಾಲ್ಟನ್ 1985-86ರಲ್ಲಿ ಬಾಸ್ಟನ್‌ಗೆ ಬಂದು 80 ಪಂದ್ಯ ಆಡಿದ. ಹೇಗೆ? ಬೆಂಚಿನಿಂದ ಎದ್ದು ಬಂದು ದಿನಕ್ಕೆ ಹತ್ತೊಂಬತ್ತು ನಿಮಿಷದ ಮೇಲೆ ಸ್ವಲ್ಪ. ಆರನೇ ಆಟಗಾರನ ಪ್ರಶಸ್ತಿ ಬಂತು, ತಂಡ ಪಟ್ಟ ಗೆದ್ದಿತು. ದೇಹ ಹಳೆಯದೇ. ಕೊಟ್ಟ ಕೆಲಸ ಚಿಕ್ಕದಾಯಿತು. ಝಯಾನ್‌ಗೂ ಕೆಲಸ ಕಡಿಮೆ ಮಾಡಬೇಕು. ರಾತ್ರಿ ರಾತ್ರಿ 35 ನಿಮಿಷ ಆಡಿಸಿ, ಪ್ರತಿ ಸಲ ಇಬ್ಬರ ಮೇಲೆ ನುಗ್ಗು ಅಂದರೆ ಯಾರ ಮೈ ತಡೆಯುತ್ತದೆ?

ಮುಳಗುಂದ ನಾಕಾ:
ಕಾಕಾ, ಮುಂದಿನ ವರ್ಷದ ಲೆಕ್ಕವನ್ನೂ ಹೇಳಿಬಿಡಿ. ವಾಲ್ಟನ್ 10 ಪಂದ್ಯ ಆಡಿದ. ಅಲ್ಲಿಗೆ ಆಟವೇ ಮುಗಿಯಿತು.

ಮತ್ತೆ ಝಯಾನ್‌ಗೆ ತಂಡ 2022ರಲ್ಲಿ ಐದು ವರ್ಷಕ್ಕೆ 190 ಮಿಲಿಯನ್ ಡಾಲರ್ ಮೇಲೆ ಬರೆದುಕೊಟ್ಟಿದೆ. ಅಷ್ಟು ದುಡ್ಡಿನ ಮನುಷ್ಯನನ್ನು ಹತ್ತೊಂಬತ್ತು ನಿಮಿಷಕ್ಕೆ ಕೂರಿಸಿದರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಆ ಕರಾರಿನಲ್ಲೇ ತೂಕದ ಷರತ್ತು ಇದೆ ಅಂತ ಪತ್ರಿಕೆಯವರು ಬರೆದಿದ್ದರು. ಪೌಂಡ್ ಲೆಕ್ಕದ ತೂಕ ಮತ್ತು ಮೈಕೊಬ್ಬಿನ ಶೇಕಡಾ ಎರಡೂ ಕೂಡಿಸಿ 295 ದಾಟಬಾರದಂತೆ. ತಂಡಕ್ಕೇ ನಂಬಿಕೆ ಇಲ್ಲ ಅಂದ ಮೇಲೆ ನಾವು ಯಾಕೆ ನಂಬಬೇಕು?

ಉಣಕಲ್ ಕಾಕಾ:
ಹತ್ತು ಪಂದ್ಯದ ಮಾತು ನಿಜ. ಆದರೆ ಆಗ ವಾಲ್ಟನ್‌ಗೆ 34 ವಯಸ್ಸು. ಝಯಾನ್‌ಗೆ 25. ಒಂಬತ್ತು ವರ್ಷದ ಅಂತರ ಚಿಕ್ಕದಲ್ಲ.

ಕೋರ್ಟ್‌ಬದಿ ಧಾರವಾಡ:
ಕಾಕಾ ಹೇಳಿದ ದಾರಿ ಝಯಾನ್‌ಗೆ ಹೊಸದೂ ಅಲ್ಲ. ಅವನ ಮೊದಲ ಎನ್‌ಬಿಎ ಪಂದ್ಯ ನೆನಪಿದೆಯಾ? 2020ರ ಜನವರಿ, ಎದುರಾಳಿ ಸ್ಯಾನ್ ಆಂಟೋನಿಯೋ. ನಮಗೆ ಬೆಳಗಿನ ಹೊತ್ತು. ನಾನು ಫೋನಿನಲ್ಲಿ ನೋಡುತ್ತಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟಿದ್ದೆ, ನವನಗರ ದಾಟುವ ತನಕ ಏನೂ ಇಲ್ಲ. ಮೂರು ಕ್ವಾರ್ಟರ್‌ನಲ್ಲಿ 5 ಪಾಯಿಂಟ್. ಸುಮ್ನೆ ಹೆಸರಿಗೆ ಇದಾನೆ ಅಂದುಕೊಂಡೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಒಂದೇ ಉಸಿರಿಗೆ 17 ಪಾಯಿಂಟ್ ಹೊಡೆದ, ತಂಡದ ಬೇರೆ ಯಾರೂ ನಡುವೆ ಒಂದು ಪಾಯಿಂಟ್ ಹಾಕಲಿಲ್ಲ. ದೂರದಿಂದ ನಾಲ್ಕಕ್ಕೆ ನಾಲ್ಕು ತ್ರೀ (ಮೂರು ಪಾಯಿಂಟಿನ ಹೊಡೆತ). ಪಕ್ಕದಲ್ಲಿ ಕೂತ ಹಿರಿಯರು "ಏನಾತ್ರೀ ತಮ್ಮಾ, ಕ್ರಿಕೆಟ್ಟಾ?" ಅಂತ ಕೇಳಿದರು, ಅಷ್ಟು ಜೋರಾಗಿ ಕೂಗಿದ್ದೆ.

ಆಗ ಕೋಚ್ ಹೊರಗೆ ಕರೆದ. ಡಾಕ್ಟರ್ ಕೊಟ್ಟ ನಿಮಿಷ ಮುಗಿದಿತ್ತು, 18 ನಿಮಿಷ. ಜನ ಅವನ ಹೆಸರು ಕೂಗುತ್ತಲೇ ಇದ್ದರು, ಕಳಿಸಲಿಲ್ಲ. ಪಂದ್ಯ ಸೋತರು, 121-117. ನನಗೂ ಸಿಟ್ಟು ಬಂದಿತ್ತು. ಮುಂದಿನ ಸೀಸನ್‌ನಲ್ಲಿ 61 ಪಂದ್ಯ ಆಡಿ ಸರಾಸರಿ 27 ಪಾಯಿಂಟ್ ಹೊಡೆದ, ನೂರು ಹೊಡೆತಕ್ಕೆ 61 ಬುಟ್ಟಿಗೆ. ಆ ಬಿಗಿ ಹಿಡಿತ ಕೆಲಸ ಮಾಡಿತ್ತು ಅಂತ ನನ್ನ ನಂಬಿಕೆ.

ಮುಳಗುಂದ ನಾಕಾ:
ಅದರ ಮುಂದಿನ ವರ್ಷ ಸೊನ್ನೆ. ಅದನ್ನು ಯಾವ ಹಿಡಿತದ ಲೆಕ್ಕಕ್ಕೆ ಹಾಕೋಣ?

ವಿದ್ಯಾನಗರ ಫಿಸಿಯೋ:
ಅದು ಪಾದದ ಹೊರಬದಿಯ ಎಲುಬು, ಕಿರುಬೆರಳಿಗೆ ಹೋಗುವುದು. ಐದನೇ ಮೆಟಟಾರ್ಸಲ್. ಅದರ ಬುಡದ ಹತ್ತಿರ ಒಂದು ಜಾಗಕ್ಕೆ ರಕ್ತ ಬರುವುದೇ ಕಡಿಮೆ. ಅಲ್ಲಿ ಬಿರುಕು ಬಿಟ್ಟರೆ ಬೇಗ ಕೂಡುವುದಿಲ್ಲ, ಆಟಗಾರರಿಗೆ ಸಾಮಾನ್ಯವಾಗಿ ಒಳಗೆ ಸ್ಕ್ರೂ ಹಾಕುತ್ತಾರೆ. ಜೋಯೆಲ್ ಎಂಬೀಡ್‌ಗೆ ಹೋಗಿದ್ದು ಪಾದದ ಬೇರೆ ಎಲುಬು, ನ್ಯಾವಿಕ್ಯುಲರ್, ಅಲ್ಲೂ ಇದೇ ಕಥೆ. ಅವನು 2014ರಲ್ಲಿ ಡ್ರಾಫ್ಟ್ ಆಗಿ ಎರಡು ಸೀಸನ್ ಪೂರ್ತಿ ಕೂತ. ಆಮೇಲೆ 2023ರಲ್ಲಿ ಎಂವಿಪಿ ಆದ. ಹಾಗಾಗಿ ಒಂದು ಸೊನ್ನೆ ನೋಡಿ ಜಾತಕ ಬರೆಯಬೇಡಿ.

ಮುಳಗುಂದ ನಾಕಾ:
ಎಂಬೀಡ್ ಎಂವಿಪಿ ಆದ ಮೇಲಿನ ಎರಡು ಸೀಸನ್‌ನಲ್ಲಿ ಆಡಿದ್ದು 39, ಆಮೇಲೆ 19. ಅಕ್ಕಾ, ನಿಮ್ಮ ಉದಾಹರಣೆಗಳೆಲ್ಲಾ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತಿವೆ. ಡೆರಿಕ್ ರೋಸ್? 2011ರಲ್ಲಿ 22 ವಯಸ್ಸಿಗೆ ಎಂವಿಪಿ, ಅಷ್ಟು ಚಿಕ್ಕ ವಯಸ್ಸಿಗೆ ಯಾರೂ ಆಗಿರಲಿಲ್ಲ. 2012ರ ಏಪ್ರಿಲ್‌ನಲ್ಲಿ ಮೊಣಕಾಲು ಹೋಯಿತು. ಆಮೇಲೆ ಆಡಿದ, 2018ರಲ್ಲಿ ಒಂದು ರಾತ್ರಿ 50 ಪಾಯಿಂಟ್ ಹೊಡೆದು ಅತ್ತ, ನಾವೂ ಅತ್ತೆವು. ಆದರೆ ಹಳೆಯ ರೋಸ್ ಬರಲೇ ಇಲ್ಲ.

ಕೋರ್ಟ್‌ಬದಿ ಧಾರವಾಡ:
ಸರಿ, ಹಾಗಾದರೆ ಸ್ಟೀಫನ್ ಕರ್ರಿ. ಇವತ್ತಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, 2012ರಲ್ಲಿ ಅವನನ್ನು "ಗಾಜಿನ ಕಣಕಾಲು" ಅಂತ ಆಡಿಕೊಳ್ಳುತ್ತಿದ್ದರು. 2011ರಲ್ಲಿ ಒಂದು, 2012ರಲ್ಲಿ ಒಂದು, ಅದೇ ಬಲ ಕಣಕಾಲಿಗೆ ಎರಡು ಆಪರೇಷನ್. 2011-12ರಲ್ಲಿ ಆಡಿದ್ದು 26 ಪಂದ್ಯ. ಆ ಹೆದರಿಕೆಗೇ ನಾಲ್ಕು ವರ್ಷಕ್ಕೆ 44 ಮಿಲಿಯನ್‌ಗೆ ಸಹಿ ಹಾಕಿದ, ಅವನ ಆಟಕ್ಕೆ ಅದು ಪುಡಿಗಾಸು. ಮುಂದಿನ ಸೀಸನ್‌ನಲ್ಲಿ 78 ಪಂದ್ಯ. ಆಮೇಲೆ ಎರಡು ಎಂವಿಪಿ, ನಾಲ್ಕು ಪಟ್ಟ.

ಏನು ಬದಲಾಯಿತು? ಕಣಕಾಲಿಗೆ ಬ್ರೇಸ್ ಹಾಕಿದ, ಅದು ಎಲ್ಲರಿಗೂ ಕಂಡಿದ್ದು. ಕಾಣದ್ದು ಏನು ಅಂದರೆ, ಅವನ ತಂಡ ವಾರಿಯರ್ಸ್‌ನ ಟ್ರೇನರ್‌ಗಳು ಅವನ ಸೊಂಟ, ಕುಂಡಿಯ ಸ್ನಾಯುಗಳನ್ನು ಗಟ್ಟಿ ಮಾಡಿಸಿದರು. ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವ ಕಸರತ್ತು) ಎತ್ತಿಸಿದರು. ದಿಕ್ಕು ಬದಲಿಸುವಾಗ ಭಾರ ಕಣಕಾಲಿನ ಮೇಲೆ ಬೀಳದೆ ಸೊಂಟಕ್ಕೆ ಹೋಗುವ ಹಾಗೆ. ನೋವಿದ್ದದ್ದು ಕೆಳಗೆ, ಕೆಲಸ ನಡೆದದ್ದು ಮೇಲೆ.

ಮುಳಗುಂದ ನಾಕಾ:
ಕರ್ರಿ 84 ಕೆಜಿ. ದೂರ ನಿಂತು ಹೊಡೆಯುವವನು. ಝಯಾನ್‌ನ ಹಾಗೆ ಗೋಡೆಗೆ ಗುದ್ದುವವನಲ್ಲ. ಆದರೂ ಈ ಒಂದು ಉದಾಹರಣೆಗೆ ನನ್ನ ಹತ್ತಿರ ಉತ್ತರ ಇಲ್ಲ, ಬಿಡಿ.

ಹೋರಿ ಹಾವೇರಿ:
ನಮ್ಮ ಕಡೆಯ ಮಾತು ಒಂದು ಹೇಳ್ತೀನಿ, ನಗಬೇಡಿ. ದೀಪಾವಳಿಗೆ ಕೊಬ್ಬರಿ ಹೋರಿ ಬಿಡುತ್ತೇವೆ ಅಲ್ವಾ, ಆ ಹೋರಿಯನ್ನು ಹಬ್ಬದ ಹಿಂದಿನ ವಾರ ತಂದು ಓಡಿಸುವುದಿಲ್ಲ. ತಿಂಗಳುಗಟ್ಟಲೆ ಮೊದಲೇ ಕೆರೆಯಲ್ಲಿ ಈಜಿಸುತ್ತಾರೆ. ನೀರಲ್ಲಿ ದಮ್ಮು ಬರುತ್ತೆ, ಗೊರಸಿಗೆ ಭಾರ ಇಲ್ಲ. ಹತ್ತಿಕಾಳು, ಹುರುಳಿ ಕೊಟ್ಟು ಸಾಕುತ್ತಾರೆ. ಕುಂಟಿದರೆ ಆ ವರ್ಷ ಬಿಡುವುದೇ ಇಲ್ಲ, ಎಷ್ಟೇ ಹೆಸರು ಮಾಡಿದ ಹೋರಿ ಇರಲಿ. ಅಭಿಮಾನಿಗಳು ಬೈದುಕೊಳ್ಳಲಿ. ಅಮೆರಿಕಾದವರಿಗೆ ಇಷ್ಟು ತಿಳಿಯಲ್ವಾ?

ಕೋರ್ಟ್‌ಬದಿ ಧಾರವಾಡ:
ತಿಳಿಯುತ್ತೆ. ಆದರೆ ಹೋರಿ ಹಬ್ಬ ವರ್ಷಕ್ಕೆ ಕೆಲವು ದಿನ, ಇವರದು ಆರು ತಿಂಗಳಲ್ಲಿ 82 ಪಂದ್ಯ. ಜೊತೆಗೆ 2023-24ರಿಂದ ಒಂದು ನಿಯಮ ಬಂದಿದೆ, 65 ಪಂದ್ಯ ಆಡದಿದ್ದರೆ ಎಂವಿಪಿಯಂಥ ದೊಡ್ಡ ಪ್ರಶಸ್ತಿಗಳಿಗೆ ಹೆಸರೇ ಇಲ್ಲ. ಅಭಿಮಾನಿಗಳಿಗೆ ಮೋಸ ಆಗಬಾರದು ಅನ್ನುವ ಉದ್ದೇಶ ಸರಿ. ಆದರೆ ಅರ್ಧ ವಾಸಿಯಾದ ತೊಡೆ ಇಟ್ಟುಕೊಂಡು ಆಡುವ ಆಸೆ ಹುಟ್ಟಿಸುವುದೂ ಅದೇ ನಿಯಮ. ಝಯಾನ್ ಈ ವರ್ಷ 65ರ ಆಸೆ ಬಿಡಬೇಕು. ಬೆನ್ನುಬೆನ್ನಿಗೆ ಎರಡು ದಿನ ಪಂದ್ಯ ಬಂದರೆ ಒಂದನ್ನು ಕಣ್ಣು ಮುಚ್ಚಿ ಬಿಡಬೇಕು. 28 ನಿಮಿಷ ದಾಟಬಾರದು. ಇಷ್ಟು ಮಾಡಿದರೆ ನಾನು ಅವನ ಪರ ಪಂತ ಕಟ್ಟುತ್ತೇನೆ. ಇಷ್ಟು ಮಾಡದಿದ್ದರೆ ಮುಳಗುಂದ ನಾಕಾದವರೇ ಗೆದ್ದರು.

ಕೇಶ್ವಾಪುರದ ಅಪ್ಪ:
ನಮಸ್ಕಾರ. ನಾನು ಎನ್‌ಬಿಎ ನೋಡುವವನಲ್ಲ, ಮಗಳು ನೋಡುತ್ತಾಳೆ, ಅವಳೇ ಈ ಚರ್ಚೆ ತೋರಿಸಿದಳು. ಅವಳಿಗೆ 14. ಶಾಲೆ ಟೀಮಿನಲ್ಲಿ ಆಡುತ್ತಾಳೆ. ಜೂನ್‌ನಲ್ಲಿ ಬಲಗಾಲು ಉಳುಕಿತ್ತು, ಹೋದ ವಾರ ಮತ್ತೆ ಅದೇ ಕಾಲು ಉಳುಕಿದೆ. ಊತ ಇಳಿದಿದೆ. ಮುಂದಿನ ವಾರ ದಸರಾ ಕ್ರೀಡಾಕೂಟದ ಪಂದ್ಯ ಇದೆ, ಕೋಚ್ ಸರ್ ಟೇಪ್ ಸುತ್ತಿ ಆಡಿಸೋಣ ಅಂತಾರೆ. ಊರಲ್ಲಿ ಅಜ್ಜಿ ಎಣ್ಣೆ ಹಚ್ಚಿ ತಿಕ್ಕಿಸಿ ಪಟ್ಟಿ ಕಟ್ಟಿಸು ಅಂತಾರೆ. ಮಗಳು ಅಳುತ್ತಾಳೆ, ಆಡಲೇಬೇಕಂತೆ. ಏನು ಮಾಡಲಿ?

ಉಣಕಲ್ ಕಾಕಾ:
ಇಂಥ ಮಕ್ಕಳನ್ನು ಬಹಳ ನೋಡಿದ್ದೇನೆ ಸರ್. ಒಂದು ಪಂದ್ಯ ಬಿಟ್ಟರೆ ಆಕಾಶ ಬೀಳುವುದಿಲ್ಲ. ಆಡಿಸಬೇಡಿ.

ವಿದ್ಯಾನಗರ ಫಿಸಿಯೋ:
ಸರ್, ಮೊದಲು ಇಷ್ಟು ಹೇಳಿ. ಆ ಕಾಲಿನ ಮೇಲೆ ನಿಂತು ನಾಲ್ಕು ಹೆಜ್ಜೆ ಇಡುತ್ತಾಳಾ? ಕಣಕಾಲಿನ ಹೊರಗಿನ ಗಂಟಿನ ಎಲುಬನ್ನೇ, ಅದರ ಹಿಂಬದಿಯ ಅಂಚಿನಲ್ಲಿ ಒತ್ತಿದರೆ ನೋವಾಗುತ್ತಾ? ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಎಲುಬಿನ ಮೇಲೆ ನೋವಿದ್ದರೆ ಮೊದಲು ಎಕ್ಸ್‌ರೇ. ಈ ವಯಸ್ಸಿನಲ್ಲಿ ಎಲುಬಿನ ಬೆಳೆಯುವ ತುದಿ ಇನ್ನೂ ಮೆತ್ತಗಿರುತ್ತದೆ, ಉಳುಕು ಅಂದುಕೊಂಡದ್ದು ಅಲ್ಲಿನ ಪೆಟ್ಟೂ ಆಗಿರಬಹುದು. ಅದು ತಿಳಿಯುವ ತನಕ ಯಾರೂ ತಿಕ್ಕಬಾರದು. ಅಜ್ಜಿಗೆ ಬೇಜಾರಾಗದ ಹಾಗೆ ಹೇಳಿ.

ಕೇಶ್ವಾಪುರದ ಅಪ್ಪ:
ನಡೆಯುತ್ತಾಳೆ ಮೇಡಂ, ಎಲುಬಿನ ಮೇಲೆ ನೋವಿಲ್ಲ. ಅದರ ಮುಂದೆ ತಗ್ಗಿನ ಜಾಗದಲ್ಲಿ ಒತ್ತಿದರೆ ಹಾಂ ಅಂತಾಳೆ.

ವಿದ್ಯಾನಗರ ಫಿಸಿಯೋ:
ಹಾಗಾದರೆ ಹೆಚ್ಚಾಗಿ ಲಿಗಮೆಂಟ್ (ಎಲುಬುಗಳನ್ನು ಹಿಡಿದಿಡುವ ಪಟ್ಟಿ). ಆದರೂ ಒಮ್ಮೆ ಯಾರಿಗಾದರೂ ಕೈಯಿಂದ ಮುಟ್ಟಿ ನೋಡಲು ತೋರಿಸಿ, ಫೋನಿನಲ್ಲಿ ನಾನು ಹೇಳುವುದು ಅರ್ಧ.

ಈಗ ಒಂದು ಕೆಲಸ ಮಾಡಿಸಿ. ಗೋಡೆ ಪಕ್ಕ ನಿಲ್ಲಿಸಿ, ಬೀಳುವ ಹಾಗಾದರೆ ಹಿಡಿಯಲಿಕ್ಕೆ. ಚೆನ್ನಾಗಿರುವ ಕಾಲಲ್ಲಿ ಕಣ್ಣು ಮುಚ್ಚಿ ಅರ್ಧ ನಿಮಿಷ ನಿಲ್ಲಲಿ. ಆಮೇಲೆ ಉಳುಕಿದ ಕಾಲಲ್ಲಿ ಅದೇ. ಎರಡನೆಯದರಲ್ಲಿ ಕಣಕಾಲು ಗಡಗಡ ಅಲುಗಾಡಿ ಬೇಗ ಕೈ ಊರಿದರೆ ಅವಳು ಆಟಕ್ಕೆ ರೆಡಿ ಇಲ್ಲ. ಊತ ಇಳಿದದ್ದನ್ನು ನೋಡಿ ನಿರ್ಧಾರ ಮಾಡಬೇಡಿ. ಒಮ್ಮೆ ಉಳುಕಿದ ಕಣಕಾಲು ತಾನು ಯಾವ ಕೋನದಲ್ಲಿದೆ ಅಂತ ತಿಳಿಸುವುದನ್ನೇ ಮರೆತಿರುತ್ತದೆ. ಅದನ್ನು ಮತ್ತೆ ಕಲಿಸದೆ ಆಡಿಸಿದ್ದಕ್ಕೇ ಜೂನ್‌ದು ಈಗ ತಿರುಗಿ ಬಂದದ್ದು.

ಟೇಪ್ ಅರ್ಧ ಗಂಟೆ ಓಡಾಡಿದರೆ ಸಡಿಲ ಆಗುತ್ತದೆ. ಲೇಸ್ ಕಟ್ಟುವ ಬ್ರೇಸ್ ಒಳ್ಳೆಯದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ, ಪಾದದ ಅಳತೆ ಒಯ್ಯಿರಿ. ದಿನಾ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದನ್ನು ರೂಢಿ ಮಾಡಿಸಿ. ಎರಡು ವಾರ ಆದ ಮೇಲೆ ಸಣ್ಣ ಜಿಗಿತ. ಇಳಿಯುವಾಗ ಕನ್ನಡಿ ಮುಂದೆ ನಿಂತು ನೋಡಿಕೊಳ್ಳಲಿ, ಮೊಣಕಾಲು ಒಳಗೆ ವಾಲಬಾರದು, ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಹೆಣ್ಣುಮಕ್ಕಳಿಗೆ ಈ ಆಟದಲ್ಲಿ ಮೊಣಕಾಲಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿಯುವ ಅಪಾಯ ಗಂಡುಮಕ್ಕಳಿಗಿಂತ ಜಾಸ್ತಿ. ಇಳಿಯುವುದನ್ನು ಸರಿ ಕಲಿತರೆ ಅದೂ ಕಡಿಮೆ ಆಗುತ್ತದೆ.

ಕೋರ್ಟ್‌ಬದಿ ಧಾರವಾಡ:
ಸರ್, ಇನ್ನೊಂದು. ಶಾಲೆಯಲ್ಲಿ ಅಂಕಣ ಸಿಮೆಂಟಿನದೇ ಇರಬೇಕು, ನಮ್ಮ ಕಡೆ ಹೆಚ್ಚಿನವು ಅವೇ. ಮಳೆ ಬಂದು ಹೋದ ಮೇಲೆ ಅಂಚಿನಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಬಿರುಕಿನಲ್ಲಿ ಹುಲ್ಲು ಬೆಳೆದಿರುತ್ತದೆ. ಬೋರ್ಡ್ ಕಂಬದ ಬುಡದಲ್ಲಿ ಸಿಮೆಂಟ್ ಕಟ್ಟೆ ಎದ್ದಿರುತ್ತದೆ, ಲೇಅಪ್ ಹಾಕಿ ಇಳಿಯುವಾಗ ಕಾಲು ಅದರ ಮೇಲೇ ಬೀಳುವುದು. ಒಮ್ಮೆ ನೀವೇ ಹೋಗಿ ನೋಡಿ. ಕಟ್ಟೆ ಇದ್ದರೆ ಹಳೇ ಗಾದಿ ಸುತ್ತಿಸಿ. ಶೂ ಅಡಿ ಸವೆದು ನುಣ್ಣಗಾಗಿದ್ದರೆ ಮೊದಲು ಅದನ್ನು ಬದಲಿಸಿ. ನಮ್ಮ ಕಾಲದಲ್ಲಿ ಒಬ್ಬನ ಶೂ ಇಬ್ಬರು ಹಾಕಿ ಆಡಿ ಕಾಲು ಕೆಡಿಸಿಕೊಂಡಿದ್ದೇ ಹೆಚ್ಚು.

ಕೇಶ್ವಾಪುರದ ಅಪ್ಪ:
ನೀವು ಹೇಳಿದ ಹಾಗೆ ನಿಲ್ಲಿಸಿ ನೋಡಿದೆ ಮೇಡಂ. ಎಡಗಾಲಲ್ಲಿ ಆರಾಮಾಗಿ ನಿಂತಳು. ಬಲಗಾಲಲ್ಲಿ ಹತ್ತು ಎಣಿಸುವುದರೊಳಗೆ ಗೋಡೆ ಹಿಡಿದಳು. ಅವಳೇ ಗಾಬರಿ ಆದಳು. ನಾನು ಏನೂ ಹೇಳಬೇಕಾಗಲಿಲ್ಲ, ತಾನೇ ಕೋಚ್‌ಗೆ ಫೋನ್ ಮಾಡಿ ಈ ಸಲ ಆಡಲ್ಲ ಸರ್ ಅಂದಳು. ಅವರು ಸ್ವಲ್ಪ ಮುನಿಸಿಕೊಂಡರು. ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇವೆ. ಅಂಕಣವನ್ನೂ ನೋಡಿ ಬರುತ್ತೇನೆ.

ಹೋರಿ ಹಾವೇರಿ:
ಪುಟ್ಟಿಗೆ ಶಹಬ್ಬಾಸ್ ಹೇಳಿ ಸರ್.

ಮುಳಗುಂದ ನಾಕಾ:
ಹುಡುಗಿಗೆ ಒಳ್ಳೇದಾಗಲಿ. ಅಕ್ಕಾ, ಕಡೆಗೆ ನಮ್ಮ ಲೆಕ್ಕ ಮುಗಿಸಿ. ಝಯಾನ್ ಈ ಸೀಸನ್ ಎಷ್ಟು ಆಡ್ತಾನೆ? ನಾನು 38 ಅಂತ ಬರೆದಿಟ್ಟಿದ್ದೇನೆ. ಅಣ್ಣ 60 ಅಂತಾರೆ. ಕಾಕಾ?

ಉಣಕಲ್ ಕಾಕಾ:
55.

ವಿದ್ಯಾನಗರ ಫಿಸಿಯೋ:
ಮೊದಲ ಎರಡು ತಿಂಗಳು ತೊಡೆ ಸುಮ್ಮನಿದ್ದರೆ 60ರ ಹತ್ತಿರ. ನವೆಂಬರ್‌ನಲ್ಲೇ ಹಿಡಿದುಕೊಂಡರೆ ನಿಮ್ಮ 38 ಕೂಡ ಜಾಸ್ತಿ. ಒಂದೇ ಸಂಖ್ಯೆ ಹೇಳು ಅಂದರೆ ಹೇಳುವುದಿಲ್ಲ, ಪೇಶಂಟ್ ಕಾಯುತ್ತಿದ್ದಾರೆ, ಬರುತ್ತೇನೆ.